ಕಬ್ಬಿಣದ ನೇಗಿಲಿನ ಲಕ್ಷ್ಮಣರಾಯರು

ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ಸೀಮೆಯಲ್ಲಿ, ದೇವದುರ್ಗದ ಎರೆಹೊಲಗಳಿಂದ ಮಾನ್ವಿಯ ಕಾಲುವೆಯ ಗದ್ದೆಗಳವರೆಗೆ ಸಂಚರಿಸುವವರಿಗೆ ಒಂದು ನೋಟ ಪರಿಚಿತವಾದುದೇ. ಮನೆಯ ಮುಂದೆ ಟ್ರಾಕ್ಟರು ನಿಂತಿರುತ್ತದೆ. ಅದರ ಸುತ್ತ ಕಲ್ಟಿವೇಟರು, ರೋಟಾವೇಟರು, ಕೆಸರುಗದ್ದೆಗೆ ಬೇಕಾದ ಕಬ್ಬಿಣದ ಕೇಜುಗಾಲಿಗಳು ಬಿದ್ದಿರುತ್ತವೆ. ಹಿಂದೆ, ದನದ ಕೊಟ್ಟಿಗೆಯ ಗೋಡೆಗೆ ಒರಗಿ, ತುಕ್ಕು ಹಿಡಿದ ಹಳೆಯ ಕಬ್ಬಿಣದ ರಂಟೆಯೊಂದು ನಿಂತಿರುತ್ತದೆ. ಅದನ್ನು ಹೂಡುವ ಎತ್ತುಗಳು ಮಾರಾಟವಾಗಿ ಎಷ್ಟೋ ವರ್ಷಗಳಾಗಿರಬಹುದು. ಆದರೂ ಮನೆಯ ಹಿರಿಯರು ಅದನ್ನು ಗುಜರಿಗೆ ಹಾಕಲು ಒಪ್ಪುವುದಿಲ್ಲ.

ಎಳೆಯುವ ಶಕ್ತಿ ಎತ್ತಿನದಾಗಲಿ ಎಣ್ಣೆಯದಾಗಲಿ, ಮಣ್ಣನ್ನು ಮುಟ್ಟುವುದು ಹಿಂದೆ ಕಟ್ಟಿದ ಸಲಕರಣೆ. ಟ್ರಾಕ್ಟರಿನ ಹೆಸರನ್ನು ಎಲ್ಲರೂ ಬಲ್ಲರು. ಹಿಂದಿನ ಸಲಕರಣೆಯನ್ನು ರೂಪಿಸಿದವರ ಹೆಸರು ಬಹುಬೇಗ ಮರೆತುಹೋಗುತ್ತದೆ. ನಮ್ಮ ದೇಶದಲ್ಲಿ ಕಬ್ಬಿಣದ ನೇಗಿಲನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದು ರೈತನ ಕೈಗಿತ್ತವರಲ್ಲಿ ಅಗ್ರಗಣ್ಯರಾದ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು ಹುಟ್ಟಿದುದು ಕನ್ನಡ ನೆಲದಲ್ಲಿ ಎಂಬುದನ್ನೂ ನಾವು ಬಹುಮಟ್ಟಿಗೆ ಮರೆತಿದ್ದೇವೆ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರ ಜೂನ್ 20ರಂದು ಅವರ ಜನನವಾಯಿತು. ಮರಾಠಿ ಸಂಗೀತ ನಾಟಕದ ಆದ್ಯರಲ್ಲೊಬ್ಬರಾದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದುದೂ ಇದೇ ಊರಿನಲ್ಲಿಯೇ. ಲಕ್ಷ್ಮಣರಾಯರ ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಮನಸ್ಸಿಟ್ಟವರು. ಅಂತಹ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಶಾಲೆಯ ಪಾಠಕ್ಕಿಂತ ಚಿತ್ರ ಬರೆಯುವುದರಲ್ಲಿಯೂ ಯಂತ್ರಗಳ ಕೀಲುಗಳನ್ನು ಬಿಚ್ಚಿ ನೋಡುವುದರಲ್ಲಿಯೂ ಹೆಚ್ಚು ಆಸಕ್ತಿ. ತಂದೆಗೆ ಇದು ಹಿಡಿಸಲಿಲ್ಲ. ಅಣ್ಣ ರಾಮಣ್ಣನವರ ಬೆಂಬಲದಿಂದ ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡುತ್ತಿರುವಾಗ ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುವುದಿಲ್ಲವೆಂಬುದು ಗೊತ್ತಾಯಿತು. ಚಿತ್ರಕಾರನಾಗಬೇಕೆಂದು ಹೊರಟವನಿಗೆ ಇದಕ್ಕಿಂತ ದೊಡ್ಡ ಆಘಾತ ಮತ್ತಾವುದಿದೆ? ಆದರೆ ಗೆರೆಗೆ ಬಣ್ಣ ಬೇಡ. ಅವರು ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯನ್ನು ಕೈಗೆತ್ತಿಕೊಂಡರು.

ಆ ವಿದ್ಯೆಯೇ ಅವರಿಗೆ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕ ವೃತ್ತಿಯನ್ನು ದೊರಕಿಸಿಕೊಟ್ಟಿತು. ಬಿಡುವಿನ ವೇಳೆಯಲ್ಲಿ ಅಲ್ಲಿನ ಕಾರ್ಯಶಾಲೆಯಲ್ಲಿ ನಿಂತು ಉಗಿಯಂತ್ರ, ಲೇತುಗಳ ಕೆಲಸವನ್ನು ಕೈಯಾರೆ ಕಲಿತರು. ಅಮೆರಿಕದಿಂದ ಬರುತ್ತಿದ್ದ ಯಂತ್ರಶಾಸ್ತ್ರದ ಪತ್ರಿಕೆಗಳನ್ನು ಆಸ್ಥೆಯಿಂದ ಓದಿದರು. ಇತ್ತ 1888ರಲ್ಲಿ ಸೋದರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ತೆರೆದಿದ್ದರು. ಲಕ್ಷ್ಮಣರಾಯರು ಮುಂಬಯಿಯಿಂದ ಸೈಕಲ್ಲುಗಳನ್ನು ಕಳುಹಿಸುವರು. ರಾಮಣ್ಣನವರು ಊರಿನಲ್ಲಿ ಅವುಗಳನ್ನು ಮಾರಿ, 15 ರೂಪಾಯಿ ತೆಗೆದುಕೊಂಡು ಸವಾರಿಯನ್ನೂ ಕಲಿಸುವರು. ಸಂಸ್ಥೆಯಲ್ಲಿ ತಮಗೆ ಸಲ್ಲಬೇಕಾಗಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ಲಕ್ಷ್ಮಣರಾಯರು ಕೆಲಸಕ್ಕೆ ರಾಜೀನಾಮೆಯಿತ್ತು ಬೆಳಗಾವಿಗೆ ಬಂದುಬಿಟ್ಟರು. ಅಲ್ಲಿನ ಕಿರ್ಲೋಸ್ಕರ್ ರಸ್ತೆ ಈ ಸೋದರರ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ.

ಸೈಕಲ್ಲು ಪೇಟೆಯವರ ವಸ್ತು. ಊರ ಸುತ್ತ ಇದ್ದುದೆಲ್ಲ ಒಕ್ಕಲುತನ. ಜೋಳದ ಕಣಿಕೆಯನ್ನು ಇಡಿಯಾಗಿ ದನಗಳ ಮುಂದೆ ಹಾಕಿದರೆ ಅರ್ಧಕ್ಕರ್ಧ ಕಾಲಡಿ ಬಿದ್ದು ಹಾಳಾಗುತ್ತದೆ. ಸಣ್ಣಗೆ ಕತ್ತರಿಸಿ ಹಾಕಿದರೆ ಹಾಗಾಗದು. ಲಕ್ಷ್ಮಣರಾಯರು ಮೇವು ಕತ್ತರಿಸುವ ಯಂತ್ರವನ್ನು ತಯಾರಿಸಿದರು. ತರುವಾಯ ಅವರ ಮನಸ್ಸು ನೇಗಿಲಿನ ಕಡೆ ಹರಿಯಿತು. 1903ರ ಸುಮಾರಿಗೆ ಅವರ ಕಬ್ಬಿಣದ ನೇಗಿಲು ಸಿದ್ಧವಾಯಿತು. ಹಿರಿಯ ಮಗ ಶಂತನುರಾಯರು ಹುಟ್ಟಿದುದೂ ಅದೇ ವರ್ಷ.

ಕಬ್ಬಿಣದ ನೇಗಿಲಿನಿಂದ ಆಗುವುದೇನೆಂಬುದನ್ನು ತಿಳಿಯಬೇಕಾದರೆ ಎರೆಭೂಮಿಯ ಸ್ವಭಾವವನ್ನು ನೆನೆಯಬೇಕು. ಬೇಸಗೆಯಲ್ಲಿ ಅದು ಕಾಲು ಸಿಕ್ಕಿಕೊಳ್ಳುವಷ್ಟು ಬಿರಿದು ಕಲ್ಲಾಗುತ್ತದೆ. ಮಳೆ ಬಿದ್ದರೆ ಅಂಟಿನಂತೆ ಹಿಡಿಯುತ್ತದೆ. ಜಾಲಿಯ ಮರದ ನೇಗಿಲಿಗೆ ಕುಳವೊಂದೇ ಕಬ್ಬಿಣದ್ದು. ಅದು ಮಣ್ಣನ್ನು ಮೇಲುಮೇಲೆ ಸೀಳುವುದೇ ಹೊರತು ಮಗುಚುವುದಿಲ್ಲ. ಆಳಕ್ಕೆ ಇಳಿದ ಕರಿಕೆಯ ಬೇರು ಕೆಳಗೆ ನೆಮ್ಮದಿಯಾಗಿ ಉಳಿದು, ಮುಂದಿನ ಮಳೆಗೆ ಮತ್ತೆ ತಲೆಯೆತ್ತುತ್ತದೆ. ಕರಿಕೆ ಹೊಕ್ಕ ಹೊಲವನ್ನು ಗುದ್ದಲಿಯಿಂದ ಅಗೆಸಬೇಕಾದ ರೈತನ ಸಂಕಟ ನಮ್ಮ ಕಡೆಯವರಿಗೆ ಹೊಸದಲ್ಲ. ಕಬ್ಬಿಣದ ನೇಗಿಲಿಗಾದರೋ ಕುಳದ ಹಿಂದೆ ಬಾಗಿದ ರೆಕ್ಕೆಯಿರುತ್ತದೆ. ಕುಳ ಕೊಯ್ದ ಹೆಂಟೆಯನ್ನು ಆ ರೆಕ್ಕೆ ಎತ್ತಿ ಬುಡಮೇಲು ಮಾಡುತ್ತದೆ. ಬೇರು ಮೇಲೆ ಬಂದು ವೈಶಾಖದ ಬಿಸಿಲಿಗೆ ಒಣಗುತ್ತದೆ.

ಇಷ್ಟೆಲ್ಲ ಗುಣವಿದ್ದರೂ ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು ಎರಡು ವರ್ಷಗಳು ಹಿಡಿದುವು. ಕಬ್ಬಿಣದಿಂದ ಉತ್ತರೆ ಭೂಮಿಗೆ ವಿಷವೇರುತ್ತದೆಂಬ ನಂಬಿಕೆ ರೈತರಲ್ಲಿ ಬಲವಾಗಿದ್ದಿತು. ಇಂದು ನಾವು ಇದನ್ನು ಕೇಳಿ ನಗಬಹುದು. ಆದರೆ ಒಂದು ಹಂಗಾಮು ಕೆಟ್ಟರೆ ಮನೆಯೇ ಮುಳುಗುವ ಒಕ್ಕಲಿಗನು ಕಂಡರಿಯದ ವಸ್ತುವನ್ನು ಕಂಡು ಹಿಂಜರಿದುದರಲ್ಲಿ ಅವಿವೇಕವೇನೂ ಇರಲಿಲ್ಲ. ಪರೀಕ್ಷೆ ಮಾಡುವವರು ಯಾರಾದರೂ ಆಗಲಿ, ಸೋತರೆ ನಷ್ಟ ಅವನದು. ಲಕ್ಷ್ಮಣರಾಯರ ನೇಗಿಲುಗಳು ಮಾರಾಟವಾಗದೆ ಕಾದಿದ್ದುವು. ಆದರೂ ಅವರು ಅಂಗಡಿ ಮುಚ್ಚಲಿಲ್ಲ.

ಇನ್ನೊಂದು ತೊಡಕು ಲೋಹದ್ದು. ಎರಕದ ಕಬ್ಬಿಣ ಮೃದುವಾದರೆ ಕುಳ ಬೇಗ ಸವೆಯುತ್ತದೆ. ಬಿರುಸಾದರೆ ಕಲ್ಲಿಗೆ ತಾಗಿ ಮುರಿಯುತ್ತದೆ. ಇಂಗ್ಲೆಂಡಿನ ರಾಬರ್ಟ್ ರಾನ್ಸಮ್ ಎಂಬಾತನು 1803ರಲ್ಲಿಯೇ ಇದಕ್ಕೊಂದು ಉಪಾಯವನ್ನು ಕಂಡಿದ್ದನು. ಎರಕ ಹೊಯ್ಯುವಾಗ ಕುಳದ ಕೆಳಮೈಯನ್ನು ಬೇಗನೆ ತಣಿಸಿದರೆ ಅದು ಗಡಸಾಗುತ್ತದೆ. ಮೇಲುಮೈ ಹೆಚ್ಚಾಗಿ ಸವೆಯುತ್ತ, ಕೆಳಮೈ ಉಳಿಯುತ್ತ, ಕುಳವು ಉಳುವಾಗಲೇ ತನ್ನನ್ನು ತಾನು ಹರಿತಗೊಳಿಸಿಕೊಳ್ಳುತ್ತದೆ. ದಖ್ಖನಿನ ಎರೆಭೂಮಿಗೆ ಬರುತ್ತಿದ್ದ ರಾನ್ಸಮ್ಸ್ ನೇಗಿಲುಗಳೊಡನೆ ಬೆಳಗಾವಿಯ ಸಣ್ಣ ಕುಲುಮೆ ಸ್ಪರ್ಧಿಸಬೇಕಾಗಿದ್ದಿತು. ನೇಗಿಲನ್ನು ರೈತ ಒಮ್ಮೆ ಕೊಳ್ಳುತ್ತಾನೆ. ಕುಳವನ್ನು ಮತ್ತೆಮತ್ತೆ ಕೊಳ್ಳಬೇಕು. ಬಿತ್ತುವ ಹದ ನಾಲ್ಕೇ ದಿನವಿರುವಾಗ, ಸವೆದ ಕುಳಕ್ಕೆ ಸಮುದ್ರದಾಚೆಯಿಂದ ಬದಲಿ ಬರುವವರೆಗೆ ಯಾರು ಕಾಯುವರು? ಸ್ವದೇಶದ ಕಾರ್ಖಾನೆಗೆ ಇದ್ದ ನಿಜವಾದ ಬಲ ಇಲ್ಲಿಯೇ ಇದ್ದಿತು.

ಇದೇ ಕಾಲದಲ್ಲಿ ಅಮೆರಿಕದ ಪಶ್ಚಿಮ ವರ್ಜೀನಿಯದಲ್ಲಿ ಬೆಂಜಮಿನ್ ಗ್ರೇವ್ಲಿ ಎಂಬ ಛಾಯಾಚಿತ್ರಗಾರನೊಬ್ಬನು ತನ್ನ ಕೈದೋಟವನ್ನು ಉಳುವುದಕ್ಕಾಗಿ, ಕೈಯಿಂದ ತಳ್ಳುವ ನೇಗಿಲಿಗೆ ಹಳೆಯ ಮೋಟಾರ್ ಸೈಕಲ್ಲಿನ ಬಿಡಿಭಾಗಗಳನ್ನು ಜೋಡಿಸಿ ಪುಟ್ಟ ಯಂತ್ರವೊಂದನ್ನು ಕಟ್ಟಿದನು. ಅದಕ್ಕೆ 1916ರಲ್ಲಿ ಹಕ್ಕುಪತ್ರವೂ ದೊರೆಯಿತು. ಮುಂದೆ ಆ ತೋಟದ ಟ್ರಾಕ್ಟರಿಗೆ ತಿರುಗುವ ನೇಗಿಲು, ಹುಲ್ಲು ಕೊಯ್ಯುವ ಅಲಗು, ಹಿಮ ತಳ್ಳುವ ಹಲಗೆ ಮುಂತಾದ ಬಗೆಬಗೆಯ ಸಲಕರಣೆಗಳು ಬಂದುವು. ಇಂದು ಹಳೆಯ ಯಂತ್ರಗಳ ಪ್ರೇಮಿಗಳು ಟ್ರಾಕ್ಟರಿಗಿಂತ ಈ ಸಲಕರಣೆಗಳಲ್ಲಿ ಅಪರೂಪವಾದವನ್ನು ಹುಡುಕಿಕೊಂಡು ಅಲೆಯುತ್ತಾರೆ. ಅವಿಲ್ಲದೆ ಯಂತ್ರವಿದ್ದೂ ಕೆಲಸವಿಲ್ಲ. ಒಬ್ಬನು ಛಾಯಾಚಿತ್ರಗಾರ, ಇನ್ನೊಬ್ಬರು ಬಣ್ಣ ಕೈಕೊಟ್ಟ ಚಿತ್ರಕಾರ. ಒಬ್ಬನಿಗೆ ಮೋಟಾರ್ ಸೈಕಲ್ಲು ನೆರವಾಯಿತು, ಇನ್ನೊಬ್ಬರಿಗೆ ಸೈಕಲ್ಲು. ಒಬ್ಬರನ್ನೊಬ್ಬರು ಅರಿಯದ ಇವರಿಬ್ಬರೂ ಬಂದು ಸೇರಿದುದು ನೇಗಿಲಿನ ಬಳಿಗೆ.

ಬೆಳಗಾವಿಯಲ್ಲಿ ಬೇರು ಬಿಡುವ ಹೊತ್ತಿಗೆ ಕಾರ್ಖಾನೆಯನ್ನು ಕೀಳಬೇಕಾಯಿತು. ಊರು ಬೆಳೆಯುತ್ತಿದ್ದುದರಿಂದ ಅವರಿದ್ದ ನೆಲ ಹೊಸ ಬಡಾವಣೆಗೆ ಬೇಕಾಯಿತು. ಆಗ ಕೈಹಿಡಿದವರು ಔಂಧ ಎಂಬ ಪುಟ್ಟ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಗಳು. ಅವರೂ ಚಿತ್ರಕಾರರೇ. ಔಂಧದ ದೇವಾಲಯದ ಸಭಾಮಂಟಪದ ಕೆಲಸವನ್ನು ಲಕ್ಷ್ಮಣರಾಯರಿಗೆ ಒಪ್ಪಿಸಿದರು, ಸಾಲವನ್ನಿತ್ತರು, ಕುಂಡಲ್ ರೋಡ್ ಎಂಬ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ನೆಲವನ್ನು ತೋರಿಸಿದರು. ಪಾಪಾಸುಕಳ್ಳಿ, ಹಾವುಗಳ ಆ ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು.

ಆ ಊರನ್ನು ಕಟ್ಟಿದವರ ಪಟ್ಟಿ ವಿಚಿತ್ರವಾಗಿದೆ. ಯಂತ್ರವಿದ್ಯೆಯನ್ನು ನೋಡಿಕೊಂಡ ಶಂಭುರಾವ್ ಜಾಂಭೇಕರ್, ಜೊತೆಗೆ ನಿಂತ ಕೆ. ಕೆ. ಕುಲಕರ್ಣಿ, ಲೆಕ್ಕಪತ್ರ ಹಿಡಿದ ಮಂಗೇಶರಾವ್ ರೇಗೆ, ಎಲ್ಲಕ್ಕೂ ಹಿರಿಯರಾಗಿ ರಾಮಣ್ಣ. ಸೆರೆಮನೆಯಿಂದ ಬಿಡುಗಡೆಯಾಗಿ ಬಂದವರನ್ನು ಲಕ್ಷ್ಮಣರಾಯರು ಕಾವಲಿಗೆ ಇಟ್ಟರು; ನಂಬಿಕೆಯಿಟ್ಟರೆ ಮನುಷ್ಯ ತಿದ್ದಿಕೊಳ್ಳುತ್ತಾನೆಂಬುದು ಅವರ ಮತ. ಅಸ್ಪೃಶ್ಯತೆಗೆ ಅಲ್ಲಿ ಎಡೆಯಿರಬಾರದೆಂದು ಕಟ್ಟುಮಾಡಿದರು. ವೇದಾಂತಿಯ ಮಗನು ತಂದೆಯ ವಿದ್ಯೆಯನ್ನು ಬೇರೊಂದು ದಾರಿಯಿಂದ ತಲುಪಿದನೆಂದರೆ ತಪ್ಪಾಗಲಾರದು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ವಿದೇಶದ ನೇಗಿಲುಗಳ ಬರವು ಕುಗ್ಗಿ ಕಿರ್ಲೋಸ್ಕರ ನೇಗಿಲಿಗೆ ಬೇಡಿಕೆ ಏರಿತು. ಆದರೆ ಕಬ್ಬಿಣವೂ ಕಲ್ಲಿದ್ದಲೂ ದುರ್ಲಭವಾದುವು. ಕಲ್ಲಿದ್ದಲಿಲ್ಲದೆಡೆ ಸೌದೆಯನ್ನು ಉರಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರು ತಮ್ಮಲ್ಲಿದ್ದ ಹಳೆಯ ತೋಪುಗಳನ್ನು ಎರಕಕ್ಕೆ ಕೊಟ್ಟ ಸಂಗತಿ ಲಕ್ಷ್ಮಣರಾಯರ ಜೀವನಕಥನಗಳಲ್ಲಿ ಬರುತ್ತದೆ. ಜಗತ್ತೆಲ್ಲ ಲೋಹವನ್ನು ತೋಪಾಗಿಸುತ್ತಿದ್ದ ದಿನಗಳಲ್ಲಿ ಕಿರ್ಲೋಸ್ಕರವಾಡಿಯ ಕುಲುಮೆಯಲ್ಲಿ ತೋಪು ನೇಗಿಲಾಯಿತು.

ಈ ನೇಗಿಲು ಎಲ್ಲರಿಗೂ ಸುಖವನ್ನೇ ತಂದಿತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಆಳವಾಗಿ ಉಳುವ ದೊಡ್ಡ ನೇಗಿಲಿಗೆ ಒಂದು ಜೋಡಿ ಎತ್ತು ಸಾಲದು. ಎರೆಯಲ್ಲಿ ನಾಲ್ಕು ಜೋಡಿಯವರೆಗೂ ಬೇಕಾಗುತ್ತಿದ್ದುವು. ಅಷ್ಟು ಎತ್ತುಗಳಿದ್ದವರು ಊರಿಗೆ ಎಷ್ಟು ಮಂದಿ? ಬಡ ರೈತನು ಬೇರೆಯವರ ಎತ್ತಿಗೆ ಕಾಯಬೇಕು, ಇಲ್ಲವೇ ಮುಯ್ಯಿಗೆ ದುಡಿಯಬೇಕು. ಮರದ ನೇಗಿಲನ್ನು ವರ್ಷವರ್ಷವೂ ಕಟ್ಟಿಕೊಟ್ಟು ಆಯದ ಕಾಳು ಪಡೆಯುತ್ತಿದ್ದ ಬಡಿಗನ ಪಾಲಿನ ಒಂದಂಶ ಕಾರ್ಖಾನೆಗೆ ಹೋಯಿತು. ಆದರೂ ಕೂರಿಗೆ ಕುಂಟೆಗಳ ಕೆಲಸ ಬಹುಕಾಲ ಬಡಿಗ ಕಮ್ಮಾರರ ಕೈಯಲ್ಲಿಯೇ ಉಳಿಯಿತು. ಮಳೆಗಾಲಕ್ಕೆ ಮುಂಚೆ ರೈತನು ನಡೆದು ಹೋಗಿ ಮುಟ್ಟಬಹುದಾದ ಕುಲುಮೆ ಅದೊಂದೇ ಆಗಿದ್ದಿತು.

ನೇಗಿಲಿನ ಬೆನ್ನಿಗೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪುಗಳು ಬಂದುವು. ಶಂತನುರಾಯರು ಅಮೆರಿಕದಲ್ಲಿ ಓದಿ 1926ರಲ್ಲಿ ಮರಳಿ ಬಂದರು. 1941ರಲ್ಲಿ ಹರಿಹರದಲ್ಲಿ ಲೇತುಗಳ ಕಾರ್ಖಾನೆ, 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ಕಾರ್ಖಾನೆ ಮತ್ತು ಪುಣೆಯಲ್ಲಿ ಎಣ್ಣೆ ಎಂಜಿನಿನ ಕಾರ್ಖಾನೆ ಸ್ಥಾಪಿತವಾದುವು. ಹರಿಹರದ ಕಾರ್ಖಾನೆ ಈ ಶತಮಾನದ ಮೊದಲ ವರ್ಷಗಳಲ್ಲಿ ಬಾಗಿಲು ಮುಚ್ಚಿತು.

ಮುಪ್ಪಿನಲ್ಲಿ ಲಕ್ಷ್ಮಣರಾಯರಿಗೆ ಒಂದು ಕಠಿನ ಪರೀಕ್ಷೆ ಕಾದಿದ್ದಿತು. 1948ರಲ್ಲಿ ಗಾಂಧೀಜಿಯವರ ಹತ್ಯೆಯ ತರುವಾಯ ಎದ್ದ ಗಲಭೆಯಲ್ಲಿ ಜನರ ಗುಂಪೊಂದು ಕಿರ್ಲೋಸ್ಕರವಾಡಿಯ ಕಾರ್ಖಾನೆಗೆ ಬೆಂಕಿಯಿಟ್ಟಿತು. ಆಗ ಅವರಿಗೆ 78 ವರ್ಷ. ಕಳ್ಳಿಯನ್ನು ಕಡಿದು ಕಟ್ಟಿದ ಊರಿನ ಯಂತ್ರಗಳು ಕಪ್ಪಾಗಿ ನಿಂತುವು. ರೈತನ ಅಪನಂಬಿಕೆಯನ್ನು ಎರಡು ವರ್ಷ ಕಾದು ಗೆದ್ದವರಿಗೆ ಈ ಬೆಂಕಿಗೆ ಉತ್ತರ ಹೇಳುವುದು ಸುಲಭವಾಗಿರಲಾರದು. ಕಾರ್ಖಾನೆಯನ್ನು ಮತ್ತೆ ಕಟ್ಟಲಾಯಿತು. ಅಲ್ಲಿಯ ಕುಲುಮೆ ಪುನಃ ಉರಿಯಿತು.

1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ತೀರಿಕೊಂಡರು. ಅದಾದ 36ನೆಯ ದಿನ, ನವೆಂಬರ್ 1ರಂದು, ಮುಂಬಯಿ ಪ್ರಾಂತದ ಗುರ್ಲಹೊಸೂರೂ ಹೈದರಾಬಾದ್ ಪ್ರಾಂತದ ರಾಯಚೂರು, ದೇವದುರ್ಗ, ಮಾನ್ವಿಗಳೂ ಒಂದೇ ರಾಜ್ಯಕ್ಕೆ ಸೇರಿದುವು. ಅವರು ಹುಟ್ಟಿದ ಊರು ನಮ್ಮ ರಾಜ್ಯದ ಊರಾದುದನ್ನು ಕಾಣಲು ಅವರಿರಲಿಲ್ಲ. 1969ರಲ್ಲಿ, ಜನ್ಮಶತಾಬ್ದಿಯ ವರ್ಷ, ಭಾರತದ ಅಂಚೆ ಇಲಾಖೆ ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು.

ಇಂದು ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ವ್ಯವಸಾಯದ ಯಂತ್ರಗಳನ್ನೇ ಅಭ್ಯಾಸ ಮಾಡುವ ಕಾಲೇಜೂ ಇದೆ. ಅಲ್ಲಿನ ವಿದ್ಯಾರ್ಥಿಗಳು ಹೊಸ ಸಲಕರಣೆಯ ನಕ್ಷೆ ಬರೆಯಲು ಕುಳಿತಾಗ ಎಷ್ಟು ಆಳ, ಎಷ್ಟು ಅಗಲ ಎಂಬ ಲೆಕ್ಕವನ್ನು ತಪ್ಪದೆ ಹಾಕುವರು. ಅದರೊಡನೆ, ಅದರ ಮೊನೆ ಸವೆದ ದಿನ ದೇವದುರ್ಗದ ರೈತನಿಗೆ ಬದಲಿ ಎಲ್ಲಿ ದೊರೆತೀತು, ಮಾನ್ವಿಯ ಕಮ್ಮಾರನು ಅದನ್ನು ತಟ್ಟಿ ಸರಿಪಡಿಸಬಲ್ಲನೇ ಎಂಬ ಪ್ರಶ್ನೆಯನ್ನೂ ನಕ್ಷೆಯ ಅಂಚಿನಲ್ಲಿ ಬರೆದುಕೊಳ್ಳಲಿ. ಕೊಟ್ಟಿಗೆಯ ಗೋಡೆಗೆ ಒರಗಿದ ಹಳೆಯ ರಂಟೆಯನ್ನು ಒಮ್ಮೆ ತಿರುಗಿಸಿ ನೋಡಿದರೂ ಸಾಕು: ಅದರ ಮೈಯೆಲ್ಲ ಹಳೆಯದು, ಬೋಲ್ಟು ಬಿಚ್ಚಿ ಹಾಕಿದ ಕುಳವೊಂದು ಮಾತ್ರ ಅದಕ್ಕಿಂತ ಎಷ್ಟೋ ವರ್ಷ ಕಿರಿಯದು.