ಹಲಸಿಯ ತಾಮ್ರಪಟಗಳನ್ನೋದಿದ ಫ್ಲೀಟ್ ಸಾಹೇಬರು

ನಮ್ಮೂರು ಖಾನಾಪುರ ತಾಲೂಕಿನ ಪಾರಿಶ್ವಾಡ. ಇದೇ ತಾಲೂಕಿನ ಹಲಸಿಗೆ ಹಿರಿಯರೊಡನೆ ಹೋಗಿ, ಭೂವರಾಹ ನರಸಿಂಹನಿಗೆ ಕಾಯಿ ಒಡೆಯಿಸಿಕೊಂಡು ಬಂದಿದ್ದೆನೇ ಹೊರತು, ಅದು ಕದಂಬ ಅರಸರ ಪಲಾಶಿಕಾ ನಗರವಾಗಿದ್ದಿತೆಂಬುದು ಕಾಲೇಜಿಗೆ ಬರುವ ತನಕ ನನಗೆ ತಿಳಿದಿರಲಿಲ್ಲ. ಅದನ್ನು ಓದಿ ಜಗತ್ತಿಗೆ ತಿಳಿಸಿದವರಲ್ಲಿ ಮುಖ್ಯರಾದವರು ಒಬ್ಬ ಇಂಗ್ಲಿಷ್ ಅಧಿಕಾರಿಗಳೆಂದು ತಿಳಿದಾಗ ಸಂತೋಷವೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಜಾನ್ ಫೇತ್‌ಫುಲ್ ಫ್ಲೀಟ್ ಅವರು 1847ರಲ್ಲಿ ಜನಿಸಿದರು. ಲಂಡನ್ನಿನಲ್ಲಿ ಗೋಲ್ಡ್‌ಸ್ಟುಕರ್ ಎಂಬ ಜರ್ಮನ್ ಪಂಡಿತರ ಬಳಿ ಸಂಸ್ಕೃತ ಕಲಿತು, 1867ರಲ್ಲಿ ಮುಂಬಯಿ ಇಲಾಖೆಯ ಸರಕಾರಿ ಸೇವೆಗೆ ಬಂದರು. ಬೆಳಗಾವಿಯಲ್ಲಿ ಶಿಕ್ಷಣ ಖಾತೆಯ ಅಧಿಕಾರಿಯಾಗಿಯೂ, ಮುಂದೆ ಕಂದಾಯದ ಹುದ್ದೆಗಳಲ್ಲಿಯೂ ಇದ್ದರು. ಹಗಲು ಕಚೇರಿಯ ಕೆಲಸ. ಉಳಿದ ವೇಳೆ ಹಳಗನ್ನಡ ಮತ್ತು ಸಂಸ್ಕೃತ ಶಾಸನಗಳ ವ್ಯಾಸಂಗ. ಹಲಸಿಯ ತಾಮ್ರಪಟಗಳನ್ನೂ ಐಹೊಳೆಯ ಶಾಸನವನ್ನೂ ಪ್ರಕಟಿಸಿದ ಅವರು, 1882ರಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ಇತಿಹಾಸವನ್ನು ಬರೆದರು. 1883ರಲ್ಲಿ ಭಾರತ ಸರಕಾರದ ಶಾಸನತಜ್ಞರಾಗಿ ನೇಮಕಗೊಂಡರು.

ಅವರ ಕೆಲಸದ ರೀತಿಗೆ ಗುಪ್ತಶಕೆಯ ನಿರ್ಣಯವೇ ಒಳ್ಳೆಯ ಉದಾಹರಣೆ. ಆ ಶಕೆ ಎಂದು ಮೊದಲಾಯಿತೆಂಬ ವಿಷಯದಲ್ಲಿ ಪಂಡಿತರೊಳಗೆ ಒಮ್ಮತವಿರಲಿಲ್ಲ. ಅದು ಶಕವರ್ಷಕ್ಕಿಂತ 241 ವರ್ಷ ತರುವಾಯದ್ದೆಂದು 11ನೆಯ ಶತಮಾನದ ಅಲ್‌ಬೀರೂನಿ ಅರಬ್ಬಿಯಲ್ಲಿ ಬರೆದಿಟ್ಟಿದ್ದನು. ಫ್ಲೀಟರು ಆ ಮಾತನ್ನು ಮಂದಸೋರದ ಶಾಸನಕ್ಕೆ ಹಚ್ಚಿ ನೋಡಿದರು. ಆ ಶಾಸನದಲ್ಲಿ ಕುಮಾರಗುಪ್ತನ ಆಳಿಕೆಯೊಡನೆ ಮಾಳವ ಸಂವತ್ 493, ಅಂದರೆ ಕ್ರಿ. ಶ. 436ರ ಸುಮಾರು, ಹೇಳಲ್ಪಟ್ಟಿದೆ. ತಿಥಿವಾರಗಳ ಗಣಿತದಲ್ಲಿ ಜ್ಯೋತಿಷ ಪಂಡಿತ ಶಂಕರ ಬಾಳಕೃಷ್ಣ ದೀಕ್ಷಿತರು ನೆರವಾದರು. ಕ್ರಿ. ಶ. 319–20ರ ನಿರ್ಣಯವು 1888ರಲ್ಲಿ ಪ್ರಕಟವಾದ ಗುಪ್ತಶಾಸನಗಳ ಸಂಪುಟದಲ್ಲಿ ಸ್ಥಿರವಾಯಿತು. ಅರಬ್ಬಿ ಗ್ರಂಥ, ಮಾಳವದ ಕಲ್ಲು, ಮರಾಠಿ ಪಂಡಿತರ ಗಣಿತ, ಇಂಗ್ಲಿಷ್ ಅಧಿಕಾರಿಯ ಲೇಖನಿ: ಇವು ಕೂಡಿದಾಗಲೇ ಒಂದು ವರ್ಷ ನಿಶ್ಚಯವಾಯಿತು. ನಮ್ಮ ಐಹೊಳೆಯ ಪುಲಕೇಶಿಯ ಶಾಸನವನ್ನು (ಕ್ರಿ. ಶ. 634–35) ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನ ಬರಹದೊಡನೆ ಓದಿದರೂ ಹೀಗೆಯೇ, ಹರ್ಷನನ್ನು ತಡೆದ ಸಂಗತಿಗೆ ಎರಡು ದೇಶಗಳ ಸಾಕ್ಷಿ ದೊರೆಯುತ್ತದೆ. ಒಂದು ನಾಡಿನ ಚರಿತ್ರೆಯನ್ನು ಆ ನಾಡಿನ ಗಡಿಯೊಳಗೇ ಕುಳಿತು ಪೂರ್ತಿಯಾಗಿ ಬರೆಯಲಾಗದು.

ಆದರೆ ಸಾಹೇಬರು ಹೇಳಿದ್ದೆಲ್ಲವೂ ವೇದವಾಕ್ಯವಲ್ಲ. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಅವರು ಕೃತ್ರಿಮವೆಂದು ತಳ್ಳಿಹಾಕಿದರು. ಮೈಸೂರಿನ ರೈಸ್ ಸಾಹೇಬರು ಅದನ್ನು ಒಪ್ಪಲಿಲ್ಲ. ಇನ್ನೂ ಒಂದು ಮಾತು ನನ್ನ ಮನಸ್ಸನ್ನು ಕೊರೆಯುತ್ತದೆ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಮ್ಮ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದ್ದು ಕಂಪನಿ ಸರಕಾರ. ಅದೇ ರಾಯಣ್ಣನ ಲಾವಣಿಯನ್ನು ಜನರ ಬಾಯಿಂದ ಸಂಗ್ರಹಿಸಿ ಅಚ್ಚು ಹಾಕಿಸಿದವರು ಆ ಕಂಪನಿಯ ತರುವಾಯ ಬಂದ ಆಂಗ್ಲ ಸರಕಾರದ ನೌಕರರಾದ ಫ್ಲೀಟರು! ಅಧಿಕಾರದ ಬಲದಿಂದಲೇ ಅವರಿಗೆ ಊರೂರಿನ ಕಲ್ಲುಗಳ ಪಡಿಯಚ್ಚು ಸಿಕ್ಕಿತೆಂಬುದನ್ನು ಮರೆಯಬಾರದು. ಆ ಲಾವಣಿ ಇಂದು ಪುಸ್ತಕದಲ್ಲಿ ಉಳಿದಿರುವುದೂ ಅವರಿಂದಲೇ ಎಂಬುದನ್ನೂ ಮರೆಯಬಾರದು.

1897ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಹಿಂತಿರುಗಿದ ಮೇಲೆಯೂ ಅವರು ಶಾಸನಗಳನ್ನು ಬಿಡಲಿಲ್ಲ. ರಾಯಲ್ ಏಶಿಯಾಟಿಕ್ ಸೊಸೈಟಿಯ ಕಾರ್ಯದರ್ಶಿಗಳಾದರು. 1917ರಲ್ಲಿ ನಿಧನ ಹೊಂದಿದರು.

ನಮ್ಮ ಮನೆಯ ಟ್ರಂಕಿನಲ್ಲಿ ಹೊಲದ ಉತಾರವಿದೆ. ಹೆಬ್ಬೆಟ್ಟು ಒತ್ತುತ್ತಿದ್ದ ನಮ್ಮಜ್ಜ ಅದನ್ನು ಜತನದಿಂದ ಕಾಪಾಡಿದರು, ಓದಲಾರದೆ ಹೋದರು. ಹಲಸಿಯ ತಾಮ್ರಪಟಗಳೂ ದಾನದ ಭೂಮಿಯ ಉತಾರಗಳೇ. ಅವನ್ನು ಓದಲು ಪರದೇಶದವರೊಬ್ಬರು ಬರಬೇಕಾಯಿತು. ಇನ್ನು ಮುಂದೆ ಖಾನಾಪುರದ ಹಳ್ಳಿಗಳಲ್ಲಿ ಬಿದ್ದಿರುವ ಕಲ್ಲುಗಳನ್ನು ನಾವೇ ಓದಬೇಕು. ಪರರು ನಮ್ಮನ್ನು ಕುರಿತು ಬರೆದುದನ್ನೂ ಓದಿ ತೂಗಿ ನೋಡಬೇಕು. ನಮ್ಮ ಮನೆತನದಲ್ಲಿ ಮೊದಲನೆಯ ಬಿ. ಎ. ಆಗಲಿರುವ ನನಗೆ ಫ್ಲೀಟರ ಚರಿತ್ರೆ ಕಲಿಸಿದ ಪಾಠ ಇದು.