ವೇಷ ತೊಡದ ಸ್ಲೀಮನ್

ಠಗ್ಗರ ಕಥೆಯನ್ನು ಹೇಳುವ ‘ದಿ ಡಿಸೀವರ್ಸ್’ 1988ರಲ್ಲಿ ತೆರೆಕಂಡ ಚಿತ್ರ. ಇಸ್ಮಾಯಿಲ್ ಮರ್ಚೆಂಟ್ ಅವರ ನಿರ್ಮಾಣ, ನಿಕೊಲಸ್ ಮೆಯರ್ ಅವರ ನಿರ್ದೇಶನ, ಜಾನ್ ಮಾಸ್ಟರ್ಸ್ 1952ರಲ್ಲಿ ಬರೆದ ಕಾದಂಬರಿಯ ಆಧಾರ. ಇಷ್ಟೆಲ್ಲ ಇದ್ದೂ ಅದು ನಿರಾಸೆಯನ್ನೇ ತಂದಿತು. ಕಂಪನಿ ಸರ್ಕಾರದ ಅಧಿಕಾರಿಯಾದ ಪಿಯರ್ಸ್ ಬ್ರಾಸ್ನನ್ ಮೈಗೆ ಬಣ್ಣ ಬಳಿದುಕೊಂಡು, ನೇಕಾರನ ವೇಷದಲ್ಲಿ ಕೊಲೆಗಡುಕರ ತಂಡವನ್ನು ಸೇರುತ್ತಾನೆ. ಯಾರಿಗೂ ಸಂಶಯ ಬಾರದು! ಚಿತ್ರವನ್ನು ಎತ್ತಿ ಹಿಡಿದವರು ಸಯೀದ್ ಜಾಫ್ರಿ ಒಬ್ಬರೇ. ಸೆರೆಸಿಕ್ಕು, ಹಿಡಿದವನಿಗೇ ದಾರಿ ತೋರುವ ಠಗ್ಗ ಹುಸೇನನ ಪಾತ್ರದಲ್ಲಿ ಅವರು ಭಯ, ಜಾಣತನ, ಹಳೆಯ ವೃತ್ತಿಯ ಸೆಳೆತ ಮೂರನ್ನೂ ಒಟ್ಟಿಗೇ ತಂದಿದ್ದಾರೆ.

ಈ ಕಥೆಯ ಹಿಂದಿರುವ ನಿಜವಾದ ಅಧಿಕಾರಿ ವಿಲಿಯಂ ಹೆನ್ರಿ ಸ್ಲೀಮನ್ ಯಾವ ವೇಷವನ್ನೂ ತೊಡಲಿಲ್ಲ. 1788ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಸ್ಟ್ರಾಟನ್‌ನಲ್ಲಿ ಹುಟ್ಟಿದ ಅವರು 1809ರಲ್ಲಿ ಬಂಗಾಳದ ಸೇನೆಗೆ ಸೇರಿದರು. ನೇಪಾಳ ಯುದ್ಧದಲ್ಲಿ ಹೋರಾಡಿ, 1820ರಲ್ಲಿ ನಾಗರಿಕ ಸೇವೆಗೆ ವರ್ಗವಾಗಿ, ನರ್ಮದಾ ಸೀಮೆಯ ನರಸಿಂಗಪುರದ ಆಡಳಿತ ವಹಿಸಿಕೊಂಡರು. ತಮ್ಮ ಕಚೇರಿಯ ಸಮೀಪದಲ್ಲೇ ಠಗ್ಗರು ಪ್ರಯಾಣಿಕರನ್ನು ಕೊಂದು ಹೂಳುತ್ತಿದ್ದರೆಂಬುದು ಅವರಿಗೆ ಗೊತ್ತಾದದ್ದು ಅಲ್ಲಿಂದ ವರ್ಗವಾಗಿ ವರ್ಷಗಳು ಕಳೆದ ಮೇಲೆ. ಜಿಲ್ಲಾಡಳಿತ ನಡೆಸಿದ ಯಾರಿಗಾದರೂ ಈ ಸಂಗತಿ ನಿದ್ದೆ ಕೆಡಿಸಬೇಕು.

ಠಗ್ಗರ ವಿಚಾರ ಹೊಸದೇನಾಗಿರಲಿಲ್ಲ. 1799ರಲ್ಲಿ, ಶ್ರೀರಂಗಪಟ್ಟಣ ಪತನವಾದ ಸ್ವಲ್ಪ ಕಾಲಕ್ಕೆ, ಬೆಂಗಳೂರಿನ ಬಳಿ ನೂರರಷ್ಟು ಮಂದಿ ಸಿಕ್ಕಿಬಿದ್ದಿದ್ದರು. ಮದ್ರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ‘ಫಾಂಸಿಗಾರ’ರ ಬಗ್ಗೆ ಬರೆದಿದ್ದರು. ಕೊರತೆಯಿದ್ದದ್ದು ಕಡತದ್ದು. ಕೊಲೆ ಒಂದು ಸಂಸ್ಥಾನದಲ್ಲಿ, ಕೊಲೆಗಾರ ಮತ್ತೊಂದರಲ್ಲಿ, ಸತ್ತವನ ಊರು ಮೂರನೆಯದರಲ್ಲಿ; ದೂರು ಕೊಡುವವರೇ ಇರುತ್ತಿರಲಿಲ್ಲ. ಸ್ಲೀಮನ್ ಸೆರೆಸಿಕ್ಕವರನ್ನು ಮಾಫಿ ಸಾಕ್ಷಿಗಳನ್ನಾಗಿ ಮಾಡಿಕೊಂಡು, ಒಬ್ಬನ ಹೇಳಿಕೆಯನ್ನು ಇನ್ನೊಬ್ಬನದರೊಡನೆ ತಾಳೆ ನೋಡಿದರು. ನಕ್ಷೆಗಳನ್ನೂ ಠಗ್ಗರ ಕುಟುಂಬಗಳ ವಂಶಾವಳಿಗಳನ್ನೂ ಬರೆಸಿದರು. ಫಿರಂಗಿಯಾ ಎಂಬ ನಾಯಕನ ಮನೆಯವರನ್ನು ಒತ್ತೆಯಿಟ್ಟುಕೊಂಡು ಅವನನ್ನು ಹಿಡಿದದ್ದು 1830ರಲ್ಲಿ. ಅವನು ಬೊಟ್ಟುಮಾಡಿದ ಮಾವಿನ ತೋಪಿನಲ್ಲಿ ನೆಲ ಅಗೆದಾಗ ಶವಗಳು ಹೊರಬಂದವು. ಠಗ್ಗರ ಗುಪ್ತಭಾಷೆಯ ಪದಕೋಶ ‘ರಾಮಸೀಯಾನ’ 1836ರಲ್ಲಿ ಅಚ್ಚಾಯಿತು. ಮುಂದೆ ನಮ್ಮ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ 1839ರಲ್ಲಿ ಠಗ್ಗನೊಬ್ಬನ ಕಥೆಯನ್ನು ಕಾದಂಬರಿಯಾಗಿಸಿದ್ದೂ ಇದೇ ದಿನಗಳಲ್ಲಿ.

ನನ್ನ ತಕರಾರು ಇರುವುದು 1836ರ ಕಾಯಿದೆಯ ಬಗ್ಗೆ. ನಿರ್ದಿಷ್ಟ ಕೊಲೆಯೊಂದು ಸಾಬೀತಾಗಬೇಕಿರಲಿಲ್ಲ. ಎಂದಾದರೂ ಠಗ್ಗರ ತಂಡದಲ್ಲಿದ್ದನೆಂದು ತೀರ್ಮಾನವಾದರೆ ಸಾಕು, ಜೀವಾವಧಿ ಕಠಿಣ ಸಜೆ. ಕಾಯಿದೆ ಬರುವುದಕ್ಕೆ ಮುಂಚಿನ ಕಾಲಕ್ಕೂ ಅದು ಅನ್ವಯ. ತನ್ನ ಕೊರಳು ಉಳಿಸಿಕೊಳ್ಳಲು ಹೇಳುವ ಮಾಫಿ ಸಾಕ್ಷಿಯ ಮಾತಿಗೆ ಎಷ್ಟು ಬೆಲೆ? ಠಗ್ಗರ ಪಂಥವನ್ನು ವಸಾಹತು ಆಡಳಿತ ಉತ್ಪ್ರೇಕ್ಷಿಸಿತೆಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಶವಗಳು ಸುಳ್ಳಲ್ಲ, ಆದರೆ ಅಪರಾಧವನ್ನು ವಂಶಾವಳಿಯಲ್ಲಿ ಹುಡುಕುವ ರೂಢಿ ಇಲ್ಲಿ ಬೇರೂರಿತು. 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳಂಕ ಹಚ್ಚಿತು.

ಮಾಫಿ ಸಾಕ್ಷಿಗಳಿಗೆ ನೇಣು ತಪ್ಪಿತು, ಬಿಡುಗಡೆ ಸಿಗಲಿಲ್ಲ. ಅವರಿಗೂ ಅವರ ಮಕ್ಕಳಿಗೂ ಜಬಲ್ಪುರದಲ್ಲಿ ಗುಡಾರ, ಜಮಖಾನೆಗಳ ಕೆಲಸ ಕಲಿಸಲಾಯಿತು. ಜಾಫ್ರಿಯವರ ಹುಸೇನನ ಕಣ್ಣಿನಲ್ಲಿ ನನಗೆ ಕಂಡದ್ದು ಇವರೇ.

ಸ್ಲೀಮನ್ ಕಡೆಗೆ ಲಖನೌದ ರೆಸಿಡೆಂಟರಾದರು. 1849-50ರಲ್ಲಿ ಅವಧ್ ರಾಜ್ಯವನ್ನೆಲ್ಲ ಸುತ್ತಿ, ಅಲ್ಲಿನ ದುರಾಡಳಿತವನ್ನು ನಿರ್ದಾಕ್ಷಿಣ್ಯವಾಗಿ ದಾಖಲಿಸಿದರು. ಆದರೂ ರಾಜ್ಯವನ್ನು ಕಂಪನಿ ನುಂಗಬಾರದು, ಅದರ ಆದಾಯ ಅಲ್ಲಿನ ಜನರಿಗೇ ಸಲ್ಲಬೇಕು ಎಂಬುದು ಅವರ ಸಲಹೆ. ಡಾಲ್‌ಹೌಸಿಯವರಿಗೆ ವರದಿ ಬೇಕಾಯಿತು, ಸಲಹೆ ಬೇಕಾಗಲಿಲ್ಲ. (ಇದರಲ್ಲಿ ನಮ್ಮ ಸೇವೆಯವರಿಗೆ ಆಶ್ಚರ್ಯವೇನಿಲ್ಲ.) ಆರೋಗ್ಯ ಕೆಟ್ಟು ತಾಯ್ನಾಡಿಗೆ ಹೊರಟ ಸ್ಲೀಮನ್ 1856ರ ಫೆಬ್ರುವರಿ 10ರಂದು ಸಿಂಹಳದ ಸಮೀಪ ಹಡಗಿನಲ್ಲೇ ತೀರಿಕೊಂಡರು. ಅದೇ ತಿಂಗಳು ಅವಧ್ ಕಂಪನಿಯ ವಶವಾಯಿತು.