ಗಾನಯೋಗಿ ಪಂಚಾಕ್ಷರ ಗವಾಯಿಗಳವರ ಅರ್ಪಣ ಜೀವನ

ಶರಣಧರ್ಮದಲ್ಲಿ ಪ್ರಸಾದವೆಂಬ ಮಾತಿಗಿರುವ ಅರ್ಥವ್ಯಾಪ್ತಿ ಬಹು ದೊಡ್ಡದು. ಲಿಂಗಕ್ಕೆ ಅರ್ಪಿಸಿ ಮರಳಿ ಪಡೆದ ಅನ್ನವಷ್ಟೇ ಪ್ರಸಾದವಲ್ಲ. ಬಾಳಿನಲ್ಲಿ ಬಂದೊದಗುವ ಸುಖದುಃಖ, ಮಾನಾಪಮಾನಗಳೆಲ್ಲ ಶಿವನಿಂದಲೇ ಬಂದುವೆಂದರಿತು, ಮೊದಲು ಅವನಿಗೇ ಒಪ್ಪಿಸಿ, ಅನಂತರ ಕೈಗೊಳ್ಳುವುದೂ ಪ್ರಸಾದವೇ. ಈ ತತ್ತ್ವವನ್ನು ಬಾಯಲ್ಲಿ ಬಲ್ಲವರು ಬಹುಮಂದಿ. ಅದನ್ನು ಬಾಳಿನುದ್ದಕ್ಕೂ ಆಚರಿಸಿದ ವಿರಳರಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಸಂಸ್ಥಾಪಕರಾದ ಗಾನಯೋಗಿ ಪಂಚಾಕ್ಷರ ಗವಾಯಿಗಳವರು ಒಬ್ಬರು.

ಅಂದು ಧಾರವಾಡ ಜಿಲ್ಲೆಯಲ್ಲಿದ್ದು ಇಂದು ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲ ತಾಲೂಕು ಮಲೆನಾಡಿನ ಸೆರಗಿನಂತಿರುವ ಪ್ರದೇಶ. ಅಲ್ಲಿಯ ಕಾಡಶೆಟ್ಟಿಹಳ್ಳಿಯೆಂಬ ಚಿಕ್ಕ ಗ್ರಾಮದಲ್ಲಿ, 1892ರಲ್ಲಿ, ಗುರುಪಾದಯ್ಯ ಮತ್ತು ನೀಲಮ್ಮ ದಂಪತಿಗಳ ಉದರದಲ್ಲಿ ಅವರು ಜನಿಸಿದರು. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿದಂದಿನಿಂದಲೇ ಕಣ್ಣುಗಳಿಗೆ ಬೆಳಕಿರಲಿಲ್ಲ. ಅಣ್ಣನಾದ ಗುರುಬಸಯ್ಯನೂ ಅಂಧನೇ. ಒಂದೇ ಮನೆಯಲ್ಲಿ ಇಬ್ಬರು ಕುರುಡು ಮಕ್ಕಳು! ಬಡ ಜಂಗಮ ಮನೆತನಕ್ಕೆ ಇದೆಂಥ ಭಾರವಾಗಿರಬೇಕೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಅಂದಿನ ಹಳ್ಳಿಗಳಲ್ಲಿ ಅಂಧರ ಪಾಲಿಗೆ ಶಾಲೆಯಿರಲಿಲ್ಲ, ಕಸುಬಿರಲಿಲ್ಲ. ಮನೆಯ ಜಗುಲಿಯೋ ಗುಡಿಯ ಕಟ್ಟೆಯೋ ಅವರ ಪ್ರಪಂಚ. ಆದರೆ ಆ ಬಾಲಕರಿಬ್ಬರ ಕಂಠದಲ್ಲಿ ಇಂಪಿತ್ತು, ಕೇಳಿದ್ದನ್ನು ಹಿಡಿದಿಡುವ ಶಕ್ತಿ ಕಿವಿಯಲ್ಲಿತ್ತು. ಈ ಇಂಪನ್ನು ಗುರುತಿಸಿದವರು ಹಾನಗಲ್ಲ ವಿರಕ್ತಮಠದ ಕುಮಾರ ಮಹಾಸ್ವಾಮಿಗಳವರು.

ಕುಮಾರ ಮಹಾಸ್ವಾಮಿಗಳು (1867–1930) ಆ ಕಾಲದ ವೀರಶೈವ ಸಮಾಜವನ್ನೇ ಎಚ್ಚರಿಸಿದ ಕಾರಣಪುರುಷರು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಉದಯಕ್ಕೂ, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರದ ಸ್ಥಾಪನೆಗೂ ಅವರೇ ಪ್ರೇರಕಶಕ್ತಿ. ಮಠಗಳಿಗೆ ಯೋಗ್ಯ ಸ್ವಾಮಿಗಳನ್ನು ಸಿದ್ಧಗೊಳಿಸುವ ಹೊಣೆ, ಊರೂರಿನ ಪಾಠಶಾಲೆಗಳ ಚಿಂತೆ, ನಿತ್ಯದ ಸಂಚಾರ, ಇವೆಲ್ಲದರ ನಡುವೆ ಇಬ್ಬರು ಕುರುಡು ಹುಡುಗರ ಹಾಡಿಗೆ ಅವರು ಕಿವಿಗೊಟ್ಟರು. ಸಮಾಜಕ್ಕೆ ಹೊರೆಯೆನಿಸಿದ್ದ ಮಕ್ಕಳಿಗೆ ಆಶ್ರಯ ಕೊಟ್ಟು, ಸಂಗೀತ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಅನ್ನವಿಕ್ಕಿ ಕಳುಹಿಸಿದ್ದರೂ ಅದು ಪುಣ್ಯಕಾರ್ಯವೇ ಆಗುತ್ತಿತ್ತು. ಅಷ್ಟಕ್ಕೆ ನಿಲ್ಲದೆ ವಿದ್ಯೆಯನ್ನೇ ಕೊಡಿಸಬೇಕೆಂದು ಹೊರಟದ್ದು ದೂರದೃಷ್ಟಿಯ ಕಾರ್ಯ.

ಮೊದಲು ಕರ್ನಾಟಕ ಪದ್ಧತಿಯ ಅಭ್ಯಾಸ ನಡೆಯಿತು. ಅನಂತರ ಮಿರಜಿನ ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಸಂಗೀತದ ಪಾಠ. ಮುಂದೆ ಜಗದ್ವಿಖ್ಯಾತರಾದ ಮಲ್ಲಿಕಾರ್ಜುನ ಮನ್ಸೂರರಿಗೂ ಹಿಂದುಸ್ತಾನಿ ಸಂಗೀತದಲ್ಲಿ ಗುರುಗಳಾಗಿದ್ದವರು ಇದೇ ನೀಲಕಂಠಬುವಾ. ಒಂದು ಪದ್ಧತಿಯಲ್ಲಿ ಪಳಗಿದ ಕಂಠವನ್ನು ಮತ್ತೊಂದಕ್ಕೆ ಒಗ್ಗಿಸುವುದು ಸಾಮಾನ್ಯ ಸಾಧನೆಯಲ್ಲ. ಕೃತಿಯ ಕಟ್ಟು, ಗಮಕದ ಬಳುಕು, ತಾಳದ ಲೆಕ್ಕ ಒಂದು ಬಗೆಯವು; ಖ್ಯಾಲಿನ ನಿಧಾನವಾದ ಬಿಡಿಸುವಿಕೆ, ಸ್ವರದ ಮೇಲೆ ನಿಂತು ರಾಗವನ್ನು ಬೆಳೆಸುವ ರೀತಿ ಇನ್ನೊಂದು ಬಗೆಯವು. ಕಲಿತದ್ದನ್ನು ಬದಿಗಿಟ್ಟು, ಮತ್ತೆ ಎಳೆಯ ವಿದ್ಯಾರ್ಥಿಯಂತೆ ಕುಳಿತು ಸ್ವರಸಾಧನೆಗೆ ತೊಡಗಲು ವಿನಯ ಬೇಕು. ಆ ವಿನಯದ ಫಲವಾಗಿ ಉಭಯ ಗಾಯನಾಚಾರ್ಯರೆಂಬ ಕೀರ್ತಿ ಅವರದಾಯಿತು.

ಗದಿಗೆಯ್ಯನೆಂಬ ಹೆಸರು ಹಿಂದೆ ಸರಿದು ಪಂಚಾಕ್ಷರನೆಂಬ ಹೆಸರು ನಿಂತದ್ದರಲ್ಲಿಯೂ ಒಂದು ಔಚಿತ್ಯವುಂಟು. ಪಂಚಾಕ್ಷರವೆಂದರೆ ಶಿವನ ಐದಕ್ಷರದ ಮಂತ್ರ. ಕಿವಿಗೆ ಎಟುಕುವ ಶಿವ. ಇಷ್ಟಲಿಂಗವನ್ನು ಎಡಗೈಯ ಕರಸ್ಥಲದಲ್ಲಿರಿಸಿ, ರೆಪ್ಪೆ ಮಿಟುಕಿಸದೆ ಅದರ ಮೇಲೆ ದೃಷ್ಟಿ ನಿಲ್ಲಿಸುವುದು ಶಿವಯೋಗದ ಮುಖ್ಯ ಸಾಧನ. ಶಿವಯೋಗಮಂದಿರದ ವಟುಗಳಿಗೆ ನಿತ್ಯವೂ ಕಲಿಸುತ್ತಿದ್ದುದು ಅದನ್ನೇ. ದೃಷ್ಟಿಯೇ ಇಲ್ಲದ ಸಾಧಕನು ಲಿಂಗವನ್ನು ಕಾಣುವುದೆಂತು? ವಿಭೂತಿಯ ನುಣುಪು, ಬಿಲ್ವದಳದ ತಂಪು, ಅಂಗೈಯಲ್ಲಿ ಕುಳಿತ ಲಿಂಗದ ಭಾರ, ಒಳಗಿವಿಯಲ್ಲಿ ಮಂತ್ರದ ಅನುರಣನ: ಗವಾಯಿಗಳವರ ಪೂಜೆಗೆ ಇದ್ದ ದ್ವಾರಗಳು ಇವು. ಸ್ಪರ್ಶವನ್ನೂ ಶಬ್ದವನ್ನೂ ಲಿಂಗಕ್ಕೆ ಅರ್ಪಿಸುವ ಕ್ರಮ ನಮ್ಮ ಶಾಸ್ತ್ರದಲ್ಲಿದೆ. ಕಣ್ಣುಳ್ಳವರಿಗೆ ಅದು ಗ್ರಂಥದ ಮಾತಾಗಿಯೇ ಉಳಿಯುತ್ತದೆ. ಅವರಿಗೆ ಬೇರೆ ದಾರಿಯೇ ಇರಲಿಲ್ಲ. ಇಲ್ಲದ ಇಂದ್ರಿಯಕ್ಕಾಗಿ ಮರುಗುವ ಬದಲು ಇದ್ದ ಇಂದ್ರಿಯಗಳನ್ನು ಪೂರ್ಣವಾಗಿ ಒಪ್ಪಿಸಿಬಿಟ್ಟರು. ಅವರಿಗೆ ಸಂಗೀತವೂ ಪೂಜೆಯೂ ಬೇರೆಯಾಗದೆ ಹೋದದ್ದಕ್ಕೆ ಇದೇ ಕಾರಣವೆಂದು ತೋರುತ್ತದೆ.

ವಿದ್ಯೆ ಕೈಗೂಡಿದ ಮೇಲೆ ಗಾಯಕನೊಬ್ಬನ ಮುಂದೆ ಸಾಮಾನ್ಯವಾಗಿ ತೆರೆಯುವ ದಾರಿ ಯಾವುದು? ಸಂಸ್ಥಾನಗಳ ಆಶ್ರಯ, ನಾಟಕ ಕಂಪನಿಗಳ ಸಂಬಳ, ಧನಿಕರ ಮನೆಯ ಮೈಫಲು. ಉತ್ತರ ಕರ್ನಾಟಕದಲ್ಲಿ ಹಿಂದುಸ್ತಾನಿ ಸಂಗೀತವು ಬೇರುಬಿಟ್ಟು ಚಿಗುರುತ್ತಿದ್ದ ಕಾಲವದು. ಕುಂದಗೋಳದ ಸವಾಯಿ ಗಂಧರ್ವರಂತಹವರು ಹೆಸರು ಗಳಿಸುತ್ತಿದ್ದರು. ಎರಡು ಪದ್ಧತಿಗಳನ್ನು ಬಲ್ಲ ವಿದ್ವಾಂಸನಿಗೆ ಮನ್ನಣೆಯ ಕೊರತೆಯಾಗುತ್ತಿರಲಿಲ್ಲ. ಆದರೆ ಕುಮಾರ ಮಹಾಸ್ವಾಮಿಗಳ ಅಪ್ಪಣೆ ಬೇರೆಯಾಗಿತ್ತು. ಪಡೆದ ವಿದ್ಯೆಯನ್ನು ತಮ್ಮಂತೆಯೇ ಕಣ್ಣಿಲ್ಲದವರಿಗೆ, ತಂದೆತಾಯಿಗಳಿಲ್ಲದವರಿಗೆ, ದಿಕ್ಕಿಲ್ಲದವರಿಗೆ ದಾನ ಮಾಡಬೇಕು. ಅನ್ನ ವಸತಿಗಳನ್ನೂ ತಾವೇ ಒದಗಿಸಬೇಕು. ಗುರುವಾಜ್ಞೆಯನ್ನು ಶಿವಾಜ್ಞೆಯೆಂದು ಶಿಷ್ಯರು ತಲೆಯಲ್ಲಿ ಹೊತ್ತರು. ಬ್ರಹ್ಮಚರ್ಯದಲ್ಲಿಯೇ ನಿಂತರು. ತಮ್ಮದೆಂಬ ಮನೆಯನ್ನು ಕಟ್ಟಿಕೊಳ್ಳಲಿಲ್ಲ.

ಈ ಆಜ್ಞಾಪಾಲನೆ ಎಷ್ಟು ಕಠಿಣವಾದುದೆಂಬುದನ್ನು ಅರಿಯಬೇಕಾದರೆ ಅಂದಿನ ಪಾಠಶಾಲೆಯ ಸ್ಥಿತಿಯನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಅದಕ್ಕೆ ಕಟ್ಟಡವಿರಲಿಲ್ಲ. ಗುರುವಿದ್ದಲ್ಲಿ ಶಾಲೆ, ಶಾಲೆಯಿದ್ದಲ್ಲಿ ಗುರು. ತಂಬೂರಿ, ಹಾರ್ಮೋನಿಯಂ, ತಬಲಾಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು, ಒಬ್ಬರ ಹೆಗಲ ಮೇಲೆ ಮತ್ತೊಬ್ಬರು ಕೈಯಿಟ್ಟುಕೊಂಡು ಊರಿಂದೂರಿಗೆ ಸಾಗುವುದು. ಯಾವುದೋ ಮಠದ ಪಡಸಾಲೆಯಲ್ಲಿ ಬಿಡಾರ. ಬೆಳಗಿನ ಜಾವ ಸ್ವರಸಾಧನೆ, ಬಳಿಕ ಪೂಜೆ, ಪಾಠ. ಸಂಜೆ ಊರವರಿಗಾಗಿ ಕೀರ್ತನೆ, ಪುರಾಣ. ಭಕ್ತರು ಕೊಟ್ಟ ಜೋಳ, ಬೇಳೆಗಳಿಂದ ಮಕ್ಕಳ ದಾಸೋಹ. ಸುಗ್ಗಿಯ ದಿನಗಳಲ್ಲಿ ಜೋಳಿಗೆಗೆ ಕೊರತೆಯಿಲ್ಲ. ಕಣದಲ್ಲಿ ರಾಶಿಯಿರುವಾಗ ರೈತನ ಕೈ ಧಾರಾಳ. ಮಳೆಗಾಲ ಬಂದು ಹಗೇವು ಬರಿದಾದಾಗ ಕೊಡುವ ಮನಸ್ಸಿದ್ದರೂ ಕೊಡಲು ಏನಿರುತ್ತದೆ? ಬರಗಾಲವನ್ನು ಮೇಲಿಂದ ಮೇಲೆ ಕಂಡ ಸೀಮೆಯಿದು. ತಾನೊಬ್ಬ ಉಪವಾಸವಿದ್ದು ಶಿವಚಿತ್ತವೆಂದು ಸುಮ್ಮನಿರುವುದು ವಿರಕ್ತನಿಗೆ ಕಷ್ಟವಲ್ಲ. ನಂಬಿ ಬಂದ ಮಕ್ಕಳು ಹಸಿದಿರುವಾಗಲೂ ಶಿವಚಿತ್ತವೆಂದು ಸುಮ್ಮನಿರಬಹುದೇ? ಶರಣಾಗತಿಯ ನಿಜವಾದ ಪರೀಕ್ಷೆ ಇರುವುದು ಇಲ್ಲಿ.

ಗವಾಯಿಗಳವರು ಈ ಪ್ರಶ್ನೆಗೆ ಕೊಟ್ಟ ಉತ್ತರ ಕೆಲವರಿಗೆ ಆಶ್ಚರ್ಯವನ್ನುಂಟುಮಾಡೀತು. ಅವರು ನಾಟಕ ಮಂಡಳಿಯನ್ನು ಕಟ್ಟಿದರು! ಗುರುವಿನ ನೆನಪಿಗೆ ಕುಮಾರೇಶ್ವರ ಕೃಪಾಪೋಷಿತವೆಂದು ಅದಕ್ಕೆ ಹೆಸರಿಟ್ಟರು. ಕಂಪನಿ ನಾಟಕಗಳು ಜನಪ್ರಿಯವಾಗಿದ್ದರೂ ಬಣ್ಣ ಹಚ್ಚುವವರನ್ನು ಗೌರವಸ್ಥರು ಸಮೀಪಕ್ಕೆ ಸೇರಿಸದಿದ್ದ ಕಾಲವದು. ತ್ರಿಕಾಲ ಲಿಂಗಪೂಜಾನಿಷ್ಠನಾದ ಜಂಗಮನೊಬ್ಬ ಪರದೆ, ಗ್ಯಾಸಬತ್ತಿ, ಟಿಕೀಟುಗಳ ವ್ಯವಹಾರಕ್ಕೆ ಇಳಿದರೆ ಜನ ಏನೆಂದಾರು? ಆದರೆ ಗುರುವಿನ ಅಪ್ಪಣೆಯಿದ್ದುದು ಮಕ್ಕಳನ್ನು ಸಲಹಬೇಕೆಂದು. ತನ್ನ ಹೆಸರನ್ನು ಕಾಪಾಡಿಕೊಳ್ಳಬೇಕೆಂದಲ್ಲ. ರಂಗದ ಮೇಲೆ ಹಾಡಲು ಕಂಠಗಳಿದ್ದವು, ಕೆಳಗೆ ನುಡಿಸಲು ಕೈಗಳಿದ್ದವು. ಇದ್ದುದನ್ನೇ ಕಾಯಕ ಮಾಡಿ, ಬಂದುದನ್ನು ದಾಸೋಹಕ್ಕೆ ಹಾಕಿದರು. ವಿಧೇಯತೆಯೆಂದರೆ ಅಪ್ಪಣೆಯ ಅಕ್ಷರವನ್ನು ಹಿಡಿದು ಜೋತುಬೀಳುವುದಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಅಪರೂಪ.

ಅವರ ಬೋಧನಕ್ರಮದ ಬಗೆಗೂ ಎರಡು ಮಾತು ಹೇಳಬೇಕು. ಅಧ್ಯಾಪಕ ವರ್ಗಕ್ಕೆ ಇದು ವಿಶೇಷವಾಗಿ ರುಚಿಸೀತು. ಗುರುವೂ ಅಂಧ, ಶಿಷ್ಯನೂ ಅಂಧ. ಕರಿಹಲಗೆಯಿಲ್ಲ, ಸ್ವರಲಿಪಿಯ ಪುಸ್ತಕವಿಲ್ಲ. ಚೀಜನ್ನು ಕೇಳಿಯೇ ಕಂಠಸ್ಥ ಮಾಡಬೇಕು. ತಬಲಾದ ಬೋಲುಗಳನ್ನು ಮೊದಲು ಬಾಯಲ್ಲಿ ನುಡಿದು, ಬಳಿಕ ಗುರುವು ಶಿಷ್ಯನ ಬೆರಳುಗಳನ್ನು ಹಿಡಿದು ಚರ್ಮದ ಮೇಲೆ ಇರಿಸಿ ತೋರಿಸಬೇಕು. ಒಂದೊಂದು ತಪ್ಪನ್ನೂ ಕಿವಿಯಿಂದಲೇ ಹಿಡಿಯಬೇಕು. ಇಂತಹ ಪಾಠದಲ್ಲಿ ಸಹನೆಯೇ ಬಂಡವಾಳ. ಜಾತಿಯ ವಿಚಾರಣೆ ಅಲ್ಲಿರಲಿಲ್ಲ. ಬಂದವನಿಗೆ ಕಲಿಯುವ ಹಂಬಲವಿದೆಯೇ ಎಂಬುದಷ್ಟೇ ಮುಖ್ಯ. ಗಾಯನದಲ್ಲಿ ಮುಂದೆ ಬರಲಾರದ ಹುಡುಗನಿಗೂ ವಾದ್ಯವೊಂದು ಕೈಗೆ ಹತ್ತಿದರೆ ಹೊಟ್ಟೆಯ ಚಿಂತೆ ನೀಗುತ್ತಿತ್ತು.

1930ರಲ್ಲಿ ಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದರು. ಅಪ್ಪಣೆ ಕೊಡುವ ಗುರು ಇರುವವರೆಗೆ ವಿಧೇಯತೆ ಒಂದು ಬಗೆಯದು. ದಾರಿ ತಪ್ಪಿದರೆ ತಿದ್ದುವವರು, ಕಂಗೆಟ್ಟರೆ ಧೈರ್ಯ ಹೇಳುವವರು ಇರುತ್ತಾರೆ. ಗುರು ಬಯಲಾದ ಮೇಲೆ ಆಜ್ಞೆಯೊಂದೇ ಉಳಿಯುತ್ತದೆ, ಬಿಟ್ಟರೆ ಕೇಳುವವರು ಯಾರೂ ಇಲ್ಲ. ಪಾಠಶಾಲೆಯನ್ನು ಮುಚ್ಚಿ ತಮ್ಮ ವಿದ್ಯೆಯಿಂದ ಸುಖವಾಗಿ ಬಾಳಲು ಗವಾಯಿಗಳವರಿಗೆ ಆಗ ಅಡ್ಡಿಯೇನಿರಲಿಲ್ಲ. ಮುಂದಿನ 14 ವರ್ಷಗಳ ಕಾಲ ಆ ಯೋಚನೆಯ ಸುಳಿವೂ ಅವರ ನಡೆಯಲ್ಲಿ ಕಾಣುವುದಿಲ್ಲ. ಅಲೆದಾಟದ ಪಾಠಶಾಲೆಗೆ ಗದುಗಿನಲ್ಲಿ ನೆಲೆ ದೊರೆತದ್ದು ಬಸರಿಗಿಡದ ವೀರಪ್ಪನವರ ಔದಾರ್ಯದಿಂದ. ಆ ದಾನಿಯ ಹೆಸರನ್ನೇ ಹೊತ್ತು ಅದು ವೀರೇಶ್ವರ ಪುಣ್ಯಾಶ್ರಮವಾಯಿತು. ದಾನಿಯ ಹೆಸರು ಆಶ್ರಮಕ್ಕೆ, ಗುರುವಿನ ಹೆಸರು ನಾಟಕ ಮಂಡಳಿಗೆ. ತಮ್ಮ ಹೆಸರನ್ನು ಅವರು ಯಾವುದಕ್ಕೂ ಇಡಲಿಲ್ಲ.

1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಮಹೋತ್ಸವ ನಡೆಯಿತು. ವಿದ್ವಾಂಸರೂ ರಸಿಕರೂ ನೆರೆದ ಆ ಸಭೆಯಲ್ಲಿ ಯಲಿವಾಳದ ಬಸವರಾಜ ರಾಜಗುರು ಎಂಬ ತರುಣ ಗಾಯಕನ ಮೊದಲ ದೊಡ್ಡ ಕಛೇರಿ. ತಂದೆಯನ್ನು ಕಳೆದುಕೊಂಡಿದ್ದ ಆ ಹುಡುಗನನ್ನು ಕರೆದುಕೊಂಡು ಬಂದು ತಿದ್ದಿ ಬೆಳೆಸಿದವರು ಗವಾಯಿಗಳೇ. ಅಂದು ತಬಲಾ ಸಾಥಿಗೆ ಕುಳಿತವರಾರು? ಸ್ವತಃ ಪಂಚಾಕ್ಷರ ಗವಾಯಿಗಳು. ಉಭಯ ಗಾಯನಾಚಾರ್ಯರೆನಿಸಿದ ಗುರು ಹಾಡುವ ಪೀಠವನ್ನು ಶಿಷ್ಯನಿಗೆ ಬಿಟ್ಟುಕೊಟ್ಟು, ಪಕ್ಕದಲ್ಲಿ ಕುಳಿತು ಠೇಕಾ ಹಿಡಿದರು. ಸಂಗೀತಗಾರರ ಲೋಕದಲ್ಲಿ ಮೇಲುಕೀಳುಗಳ ಲೆಕ್ಕ ಎಷ್ಟು ಸೂಕ್ಷ್ಮವೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಸಾಥಿದಾರನ ಧರ್ಮ ಗಾಯಕನ ಲಯವನ್ನು ಅನುಸರಿಸುವುದು. ತನ್ನ ಜಾಣ್ಮೆಯನ್ನು ತೋರದೆ ಅವನನ್ನು ಎತ್ತಿ ಹಿಡಿಯುವುದು. ತನ್ನ ಇಚ್ಛೆಯನ್ನು ಇನ್ನೊಂದು ಇಚ್ಛೆಗೆ ಒಪ್ಪಿಸಿ ಬಾಳುವುದನ್ನು ಜೀವನವಿಡೀ ಅಭ್ಯಾಸ ಮಾಡಿದವರಿಗೆ ಆ ಸ್ಥಾನ ಹೊಸದಾಗಿರಲಿಲ್ಲ.

ಅವರ ಶಿಷ್ಯಸಂಪತ್ತು ದೊಡ್ಡದು. ವಚನಗಾಯನಕ್ಕೆ ಹೆಸರಾದ ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮೊದಲಾದವರೆಲ್ಲ ಅವರಿಂದ ಕಲಿತವರು. ಆದರೆ ಗುರುವಿನ ಬಾಳನ್ನೇ ತನ್ನ ಬಾಳಾಗಿ ಮಾಡಿಕೊಂಡವರೆಂದರೆ ಹಾನಗಲ್ಲ ತಾಲೂಕಿನ ದೇವಗಿರಿಯ ಪುಟ್ಟಯ್ಯ, ಎಂದರೆ ಪುಟ್ಟರಾಜ ಗವಾಯಿಗಳು. 1914ರಲ್ಲಿ ಹುಟ್ಟಿ, ಶೈಶವದಲ್ಲಿಯೇ ದೃಷ್ಟಿಯನ್ನೂ ಬಾಲ್ಯದಲ್ಲಿ ತಂದೆತಾಯಿಗಳನ್ನೂ ಕಳೆದುಕೊಂಡ ಈ ಬಾಲಕನನ್ನು ಸೋದರಮಾವ ಚಂದ್ರಶೇಖರಯ್ಯನವರು ತಂದು ಗವಾಯಿಗಳಿಗೆ ಒಪ್ಪಿಸಿದರು. ಗುರು ಅವನಿಗೆ ಗಾಯನವನ್ನೂ ಹಲವು ವಾದ್ಯಗಳನ್ನೂ ಕಲಿಸಿದರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥರಚನೆ ಮಾಡುವ ಮಟ್ಟಕ್ಕೆ ಅವನು ಬೆಳೆದನು. ಹಿಂದೊಮ್ಮೆ ಹಾನಗಲ್ಲ ಸ್ವಾಮಿಗಳು ಕುರುಡು ಗದಿಗೆಯ್ಯನನ್ನು ಎತ್ತಿಕೊಂಡಂತೆಯೇ ಗದಿಗೆಯ್ಯನು ಪುಟ್ಟಯ್ಯನನ್ನು ಎತ್ತಿಕೊಂಡನು.

1944ರಲ್ಲಿ, ತಮ್ಮ 52ನೆಯ ವಯಸ್ಸಿನಲ್ಲಿ, ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು. ಅವರು ಬಿಟ್ಟುಹೋದದ್ದು ಆಸ್ತಿಯಲ್ಲ. ನಿತ್ಯವೂ ಉಣ್ಣಬೇಕಾದ ಮಕ್ಕಳು, ನಡೆಯಬೇಕಾದ ಪಾಠಗಳು. ಬಸವರಾಜ ರಾಜಗುರುಗಳು ಮುಂಬಯಿಗೆ ತೆರಳಿ, ಸವಾಯಿ ಗಂಧರ್ವ ಮೊದಲಾದ ಗುರುಗಳಲ್ಲಿ ಹೆಚ್ಚಿನ ಅಭ್ಯಾಸ ಮಾಡಿ, ಧಾರವಾಡದ ಹೆಸರನ್ನು ದೇಶದ ತುಂಬ ಬೆಳಗಿಸಿದರು. ಪುಟ್ಟರಾಜರು ಗದುಗಿನಲ್ಲಿಯೇ ಉಳಿದರು. ಆಗ ಅವರಿಗೆ 30 ವರ್ಷ. 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ, 66 ವರ್ಷಗಳ ಕಾಲ, ಅದೇ ಆಶ್ರಮದಲ್ಲಿ ಅಂಧ ಅನಾಥ ಮಕ್ಕಳಿಗೆ ಅನ್ನವಿಕ್ಕಿ ಸ್ವರ ಕಲಿಸಿದರು. ಗುರುಶಿಷ್ಯರಿಬ್ಬರ ಗದ್ದುಗೆಗಳೂ ಆ ಆವರಣದಲ್ಲಿಯೇ ಇವೆ.